ಅರಿಶಿನ ಹತ್ತಿದ ಕಾರ್ಡು

“ಸತ್ಯಣ್ಣ, ಇವರಿಗೆ ಮಾತ್ರ ಹೇಳ್ಬೇಡಿ. ಆ ಕಾರ್ಡಿಗೆ ನಾನು ಪೂಜೆ ಮಾಡಿದ್ದೆ.”

ತುಳಸಿ ಇದನ್ನು ಹೇಳಿದ್ದು ಒಲೆಯ ಮೇಲಿನ ಫ್ಯಾನನ್ನು ಜೋರಾಗಿ ಹಾಕಿ, ಅದರ ಸದ್ದಿನ ಮರೆಯಲ್ಲಿ. ಆಸ್ಟಿನ್‌ನ ಆ ಮನೆಯ ಹಾಲಿನಲ್ಲಿ ಅವಳ ಗಂಡ ಚಂದ್ರಮೋಹನ ಕಂಪ್ಯೂಟರ್ ಮುಂದೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಸತ್ಯಪ್ರಕಾಶ ಬಾಯಿಗೆ ಒಯ್ದ ಕಾಫಿ ಲೋಟವನ್ನು ಅಲ್ಲೇ ನಿಲ್ಲಿಸಿದ.

“ಯಾವಾಗ?”

“ಆಯುಧಪೂಜೆ ದಿನ. ಕಾರು, ಮಿಕ್ಸಿ, ಕಂಪ್ಯೂಟ್ರು, ಇವರ ಸ್ಕ್ರೂಡ್ರೈವರ್ ಡಬ್ಬಿ, ಎಲ್ಲಕ್ಕೂ ಇಟ್ಟೆ. ಊಟ ನಿದ್ದೆ ಬಿಟ್ಟು ಇವರು ಕೂರೋದು ಆ ಕಾರ್ಡುಗಳ ಮುಂದೆ ತಾನೇ? ಅದಕ್ಕೊಂದು ಇಡದೆ ಹೇಗೆ ಬಿಡ್ಲಿ ಅಂತ…”

“ಪ್ಲಾಸ್ಟಿಕ್ ಕವರಿನ ಮೇಲೆ ಇಟ್ಟೆಯೇನಮ್ಮ?”

“ಪ್ಲಾಸ್ಟಿಕ್‌ಗೆ ಪೂಜೆ ಮಾಡಿದ್ರೆ ಏನು ಬಂತು? ಹೊರಗೆ ತೆಗೆದೇ ಇಟ್ಟೆ. ಹಿಂದುಗಡೆ ಮೂಲೇಲಿ, ಒಂದೇ ಒಂದು ಬೊಟ್ಟು ಅರಿಶಿನ. ಆಮೇಲೆ ಭಯ ಆಯ್ತು. ಹತ್ತೀಲಿ ಒರೆಸಿಬಿಟ್ಟೆ. ಹೋಯ್ತು, ಈಗ ಕಣ್ಣಿಗೆ ಕಾಣಲ್ಲ.”

ಮೈಸೂರಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದಾಗ ಸತ್ಯಪ್ರಕಾಶ ಇಂಥ ತಪ್ಪೊಪ್ಪಿಗೆಗಳಿಗಾಗಿ ಇಡೀ ದಿನ ಕಾಯುತ್ತಿದ್ದ. ಇಲ್ಲಿ ಅಡುಗೆಮನೆಯಲ್ಲಿ, ಹುಳಿಗೆ ಒಗ್ಗರಣೆ ಬೀಳುವ ಮುಂಚೆ, ತಾನಾಗಿಯೇ ಬಂದು ಮಡಿಲಿಗೆ ಬಿದ್ದಿತ್ತು. ಅವನಿಗೆ ಖುಷಿಯಾಗಬೇಕಿತ್ತು. ಬದಲಿಗೆ ಈ ಹೆಣ್ಣುಮಗಳ ಮುಖ ನೋಡಿ ಸಂಕಟವಾಯಿತು.

ಅದಲುಬದಲಿನಲ್ಲಿ ಚಂದ್ರಮೋಹನ ಕೊಟ್ಟ, ಸಾವಿರಾರು ಡಾಲರ್ ಬಾಳುವ ಹಳೆಯ ಬೇಸ್‌ಬಾಲ್ ಆಟಗಾರನ ಚಿತ್ರದ ಕಾರ್ಡು ನಕಲಿ ಎಂದು ಡಾಲಸ್‌ನ ಪ್ರೂಯಿಟ್ ಎಂಬ ಮುದುಕ ಇಂಟರ್ನೆಟ್ಟಿನಲ್ಲಿ ಊರಿಗೆಲ್ಲ ಸಾರಿದ್ದ. ಸೋಮವಾರದೊಳಗೆ ಅಸಲಿ ಕಾರ್ಡು ಬರದಿದ್ದರೆ ಅಂಚೆ ವಂಚನೆಯೆಂದು ದೂರು ಕೊಡುವುದಾಗಿ ಗಡುವು ಹಾಕಿದ್ದ. ಇವತ್ತು ಶನಿವಾರ. ಸುದ್ದಿ ಕೇಳಿ ಸತ್ಯಪ್ರಕಾಶ ಹೆಂಡತಿ ನಳಿನಿಯ ಜೊತೆ ಡಾಲಸ್ ಕಡೆಯಿಂದ ನಿನ್ನೆ ರಾತ್ರಿಯೇ ಬಂದಿಳಿದಿದ್ದ.

ದೂರು ಎಂಬ ಒಂದು ಮಾತು ಸಾಕಿತ್ತು. ಚಂದ್ರಮೋಹನನ ಗ್ರೀನ್ ಕಾರ್ಡಿನ ಅರ್ಜಿ ಕೊನೆಯ ಮೆಟ್ಟಿಲಲ್ಲಿ ನಿಂತಿತ್ತು. ವಂಚನೆಯ ಕೇಸು ಬಿದ್ದವನಿಗೆ ಈ ದೇಶ ಕೈಕುಲುಕಿ ಕೂರಿಸಿಕೊಳ್ಳುವುದಿಲ್ಲ. ಗಂಡ, ಹೆಂಡತಿ, ಇಲ್ಲೇ ಹುಟ್ಟಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ದಿಯಾ, ಮೂವರೂ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು.

ಸಂಗ್ರಾಹಕರು ಹಗಲಿರುಳು ಹರಟುವ ಆ ವೆಬ್‌ಸೈಟಿಗೆ ‘ಬೋರ್ಡು’ ಎಂದು ಹೆಸರು. ಸತ್ಯಪ್ರಕಾಶನ ಕಣ್ಣಿಗೆ ಅದು ಅಪ್ಪಟ ಅರಳಿಕಟ್ಟೆ. ಮುಖ ನೋಡದ ಜನ, ಅಡ್ಡಹೆಸರು ಇಟ್ಟುಕೊಂಡು, ನಿನ್ನ ಕಾರ್ಡು ನನಗೆ ಕೊಡು, ನನ್ನದು ನಿನಗೆ ಎಂದು ಅದಲುಬದಲು ಮಾಡಿಕೊಳ್ಳುತ್ತಿದ್ದರು. ದೊಡ್ಡ ಕಾರ್ಡಾದರೆ ನಡುವೆ ಒಬ್ಬ ಮಧ್ಯಸ್ಥ ಇರಬೇಕು. ಇಬ್ಬರೂ ತಮ್ಮ ತಮ್ಮ ಕಾರ್ಡನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಅವನಿಗೆ ಕಳಿಸುತ್ತಾರೆ. ಅವನು ಎರಡನ್ನೂ ಪರೀಕ್ಷಿಸಿ ದಾಟಿಸುತ್ತಾನೆ. ಈ ವ್ಯವಹಾರದ ಮಧ್ಯಸ್ಥ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ತಿಮ್ಮಯ್ಯ.

“ತುಳಸಿ, ಚಂದ್ರನ ಹತ್ತಿರ ಆ ನೇರಳೆ ದೀಪ ಇದೆಯಲ್ಲ, ತಗೊಂಡು ಬಾ. ಸ್ಕ್ರೂಡ್ರೈವರ್ ಡಬ್ಬಿಯನ್ನೂ ತಾ.”

ಹಳೆಯ ಕಾಗದವನ್ನು ಹೊಸದರಿಂದ ಬೇರ್ಪಡಿಸಲು ಸಂಗ್ರಾಹಕರು ಇಟ್ಟುಕೊಳ್ಳುವ ದೀಪ ಅದು. ಎಪ್ಪತ್ತು ವರ್ಷದ ಹಿಂದಿನ ರಟ್ಟು ಅದರ ಬೆಳಕಿನಲ್ಲಿ ಮಂಕಾಗಿಯೇ ಇರುತ್ತದೆ. ನಾಲ್ಕಾರು ಡಾಲರಿಗೆ ಸಿಗುವ ನಕಲಿನ ಹೊಸ ಕಾಗದವೋ, ನೀಲಿ ಹಾಕಿ ಒಗೆದ ಪಂಚೆಯಂತೆ ಬೆಳ್ಳಗೆ ಹೊಳೆಯುತ್ತದೆ. ಪ್ರೂಯಿಟ್ ಮುದುಕನ ಕೈಯಲ್ಲಿರುವ ಕಾರ್ಡು ಹಾಗೆ ಹೊಳೆದೇ ಸಿಕ್ಕಿಬಿದ್ದಿದ್ದು.

ಸತ್ಯಪ್ರಕಾಶ ದೀಪ, ಡಬ್ಬಿ ಎರಡನ್ನೂ ಎತ್ತಿಕೊಂಡು ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿದ. ಹಾಲಿನಲ್ಲಿದ್ದ ದಿಯಾ “ಡ್ಯಾಡ್, ವೈ ಇಸ್ ಅಂಕಲ್ ಟೇಕಿಂಗ್ ಟೂಲ್ಸ್ ಟು ದ ಬಾತ್‌ರೂಮ್?” ಎಂದು ಕೇಳಿದ್ದು ಒಳಗಿನವರೆಗೆ ಕೇಳಿಸಿತು.

ಡಬ್ಬಿಯ ಮುಚ್ಚಳದ ಮೇಲೆ ತುಳಸಿ ಇಟ್ಟ ಬೊಟ್ಟು ಎಂದೋ ಒರೆಸಿಹೋಗಿತ್ತು. ಬರಿಗಣ್ಣಿಗೆ ಏನೂ ಇಲ್ಲ. ದೀಪ ಹಿಡಿದ ಕೂಡಲೇ ಅಲ್ಲಿ ಹಳದಿ ಹಸಿರು ಬಣ್ಣದ ಒಂದು ದುಂಡು ಮಚ್ಚೆ ಎದ್ದು ಕುಳಿತಿತು.

ಅಸಲಿ ಕಾರ್ಡಿನ ಬೆನ್ನಿನ ಮೇಲೂ ಇಂಥದೇ ಒಂದು ಮಚ್ಚೆ ಇರಬೇಕು. ಕದ್ದವನಿಗೇ ಗೊತ್ತಿಲ್ಲದ ಗುರುತು! ಕಮೋಡಿನ ಮುಚ್ಚಳದ ಮೇಲೆ ಕುಳಿತು ಸತ್ಯಪ್ರಕಾಶ ಎಷ್ಟೋ ತಿಂಗಳ ನಂತರ ಪೊಲೀಸಿನವನ ಹಾಗೆ ನಕ್ಕ.

ಹೊರಗೆ ಬಂದು ಚಂದ್ರಮೋಹನನ ಹೆಗಲ ಮೇಲೆ ಕೈಯಿಟ್ಟ.

“ಇನ್ನೊಂದು ಸಲ ಹೇಳು. ತಿಮ್ಮಯ್ಯನೋರಿಗೆ ಕಾರ್ಡು ಹೇಗೆ ಕಳಿಸಿದೆ?”

“ಪೋಸ್ಟಲ್ಲಿ ಸತ್ಯಣ್ಣ. ಎಷ್ಟು ಸಲ ಹೇಳ್ಲಿ?” ಚಂದ್ರಮೋಹನ ಪರದೆಯಿಂದ ಕಣ್ಣು ಕೀಳಲಿಲ್ಲ.

“ರಸೀದಿ?”

“ಎಲ್ಲೋ ಕಳೆದುಹೋಯ್ತು ಅಂದ್ನಲ್ಲ.”

“ಸರಿ. ನಾನು ಈಗಲೇ ಪೇರ್ಲ್ಯಾಂಡಿಗೆ ಹೊರಟೆ.”

ಚಂದ್ರಮೋಹನ ಗಾಬರಿಯಿಂದ ಎದ್ದು ನಿಂತ. “ಬೇಡ ಸತ್ಯಣ್ಣ. ಅವರು ದೊಡ್ಡವರು. ಕನ್ನಡ ಸಂಘದಲ್ಲಿ ಮುಖ ತೋರಿಸಬೇಕು ನಾವು. ಬಿಟ್ಬಿಡಿ. ಆಗಿದ್ದಾಗ್ಲಿ.”

“ಆಗಿದ್ದಾಗ್ಲಿ ಅನ್ನೋಕೆ ಇದೇನು ಟೆನಿಸ್ ಮ್ಯಾಚಾ? ಹೆಂಡತಿ ಮಗಳ ಮುಖ ನೋಡೋ ಮಾರಾಯ!”

ಚಂದ್ರಮೋಹನ ನೋಡಲಿಲ್ಲ. ಮುಳುಗುವವನು ಹಗ್ಗ ಎಸೆದವನನ್ನೇ ಬೇಡ ಹೋಗು ಎನ್ನುವುದನ್ನು ಸತ್ಯಪ್ರಕಾಶ ಅದೇ ಮೊದಲು ಕಂಡ. ತಿಮ್ಮಯ್ಯನ ಮೇಲೆ ಇದ್ದ ಅನುಮಾನ ಅವನಿಗೆ ಇನ್ನಷ್ಟು ಗಟ್ಟಿಯಾಯಿತು. ಹಿರಿಯರೆಂಬ ಹೆದರಿಕೆಗೆ ಈ ಹುಡುಗ ತನ್ನ ಬಾಳನ್ನೇ ಬಲಿ ಕೊಡಲು ಹೊರಟಿದ್ದಾನೆ ಎಂದುಕೊಂಡ.

*

ಮೈಸೂರಿನಲ್ಲಿ ಜೀಪಿಗೆ ಡ್ರೈವರ್ ಇದ್ದವನಿಗೆ ಟೆಕ್ಸಸ್‌ನಲ್ಲಿ ಹೆಂಡತಿಯೇ ಡ್ರೈವರ್. ಡ್ರೈವಿಂಗ್ ಪರೀಕ್ಷೆಯಲ್ಲಿ ಸತ್ಯಪ್ರಕಾಶ ಎರಡು ಸಲ ಡುಮ್ಕಿ ಹೊಡೆದಿದ್ದ. ಕೆಂಪು ದೀಪಕ್ಕೆ ನಿಲ್ಲುವ ಅಭ್ಯಾಸ ಅವನಿಗೆ ಊರಲ್ಲೂ ಇರಲಿಲ್ಲ.

ನಳಿನಿ ಡಾಲಸ್ ಕಡೆಯ ಒಂದು ಟೆಲಿಕಾಂ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅವಳ ವೀಸಾದ ಬಾಲ ಹಿಡಿದು, ದೀರ್ಘ ರಜೆ ಹಾಕಿ ಬಂದವನು ಇವನು. ಕೆಲಸ ಮಾಡುವಂತಿಲ್ಲ, ಬ್ಯಾಂಕ್ ಖಾತೆಯೂ ಅವಳ ಹೆಸರಿನ ಜೊತೆಗೇ. ಫ್ಲವರ್ ಮೌಂಡಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಿ ತೊಳೆದಿಟ್ಟು ಹೆಂಡತಿಯ ಕಾರಿನ ಸದ್ದಿಗೆ ಕಾಯುವುದು ಅವನ ಡ್ಯೂಟಿ. ಹಲ್ಲು ಕಿತ್ತ ಹಾವು ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ. ಆದರೂ ಅವಳನ್ನು ಕಂಡರೆ ಅವನಿಗೆ ಪ್ರಾಣ. ಈ ವರ್ಷ ಅವಳ ಕಂಪನಿಯಲ್ಲಿ ಸಾಲುಸಾಲಾಗಿ ಜನರನ್ನು ಮನೆಗೆ ಕಳಿಸುತ್ತಿದ್ದರು. ಅವಳು ಮನೆಗೆ ಬಂದು ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಹೆದ್ದಾರಿ ಹಿಡಿದ ಮೇಲೆ ಅವನು ತಡೆಯಲಾರದೆ ಅರಿಶಿನದ ಕಥೆಯನ್ನೆಲ್ಲ ಅವಳಿಗೆ ಹೇಳಿಬಿಟ್ಟ. ಬಚ್ಚಲುಮನೆಯ ಪ್ರಸಂಗಕ್ಕೆ ಅವಳು ನಗುತ್ತಾಳೆಂದು ಅವನ ಎಣಿಕೆ. ನಳಿನಿ ನಗಲಿಲ್ಲ.

“ಒರೆಸಿದ್ರೂ ಕಾಣತ್ತಾ ರೀ?”

“ಬರಿಗಣ್ಣಿಗೆ ಇಲ್ಲ. ದೀಪ ಹಿಡಿದ್ರೆ ಪಕ್ಕಾ.”

“ತಿಮ್ಮಯ್ಯನೋರು ಅಂಥವರಲ್ಲ ಅನ್ಸತ್ತೆ ನಂಗೆ.”

“ಅಂಥವರಲ್ಲ ಅನ್ನಿಸೋರೇ ಇಂಥ ಕೆಲ್ಸಕ್ಕೆ ಬೇಕಾಗೋದು.”

ನಳಿನಿ ಸಾಲು ಬದಲಿಸಿ ಕಾರಿನ ವೇಗ ಹೆಚ್ಚಿಸಿದಳು. ಪೇರ್ಲ್ಯಾಂಡ್ ತಲುಪಿದ ಮೇಲೆ ಅವನನ್ನು ತಿಮ್ಮಯ್ಯನ ಮನೆಯ ಮುಂದೆ ಇಳಿಸಿ, ಮೀನಾಕ್ಷಿ ದೇವಸ್ಥಾನಕ್ಕೆ ಹೋಗಿ ಬರುವೆನೆಂದು ಹೊರಟುಹೋದಳು.

*

“ಬನ್ನಿ ಇನ್ಸ್‌ಪೆಕ್ಟ್ರೇ, ಬನ್ನಿ. ನಳಿನಿಯೋರು ಒಳಗೆ ಬರ್ಲಿಲ್ವಾ?”

“ದೇವಸ್ಥಾನಕ್ಕೆ ಹೋದ್ಲು.”

ತಿಮ್ಮಯ್ಯ ಸೋಮವಾರಪೇಟೆ ಕಡೆಯವರು. ಇಲ್ಲಿಗೆ ಬಂದು ತಲೆಗೂದಲು ಬೆಳ್ಳಗಾಗಿತ್ತು. ಆಸ್ಪತ್ರೆಯ ಲ್ಯಾಬೊಂದರಲ್ಲಿ ದುಡಿದು ರಿಟೈರ್ ಆದವರು. ಕೂದಲೆಳೆಯ ವ್ಯತ್ಯಾಸ ಹಿಡಿಯುವ ಆ ಚಟವನ್ನು ಕಾರ್ಡುಗಳ ಮೇಲೆ ತಿರುಗಿಸಿಕೊಂಡಿದ್ದರು. ಕೋಣೆಯ ತುಂಬ ಆಲ್ಬಮ್ಮುಗಳು. ಮೇಜಿನ ಮೇಲೆ ಭೂತಗನ್ನಡಿ, ಬಿಳಿ ಕೈಗವಸು, ದೊಡ್ಡದೊಂದು ನೇರಳೆ ದೀಪ. ಬೋರ್ಡಿನಲ್ಲಿ ಅವರ ಮಾತೆಂದರೆ ಮಾತು. ಅವರು ಅಸಲಿ ಎಂದದ್ದನ್ನು ಅಮೆರಿಕನ್ನರೂ ಮರುಮಾತಿಲ್ಲದೆ ಒಪ್ಪುತ್ತಿದ್ದರು.

ಅವರು ಕಾಫಿಗೆ ಏಳುವ ಮೊದಲೇ ಸತ್ಯಪ್ರಕಾಶ ಶುರು ಮಾಡಿದ.

“ಚಂದ್ರನ ಕಾರ್ಡು ಬಂದಾಗ ಪರೀಕ್ಷೆ ಮಾಡಿದ್ರಾ ಸಾರ್?”

“ಮಾಡದೆ?”

“ದೀಪದಲ್ಲಿ?”

“ದೀಪದಲ್ಲೇ. ಅದು ನನ್ನ ಪದ್ಧತಿ.”

“ಏನು ಕಾಣಿಸ್ತು?”

“ಏನು ಕಾಣಿಸ್ಬೇಕು? ಹಳೇ ರಟ್ಟು, ಮಂಕಾಗಿತ್ತು. ಅಸಲಿ. ಆ ಪ್ರೂಯಿಟ್‌ಗೆ ವಯಸ್ಸಾಗಿದೆ, ಏನೋ ಎಡವಟ್ಟು ಮಾಡ್ಕೊಂಡಿದ್ದಾನೆ.”

“ಹಿಂದುಗಡೆ ನೋಡಿದ್ರಾ?”

“ಹಿಂದೆ, ಮುಂದೆ, ನಾಲ್ಕೂ ಮೂಲೆ ನೋಡ್ದೆ ಇನ್ಸ್‌ಪೆಕ್ಟ್ರೇ. ನನಗೆ ಕೆಲಸ ಕಲಿಸ್ತೀರಾ?”

“ಹಿಂದುಗಡೆ ಮೂಲೇಲಿ ಹಳದಿಯಾಗಿ ಏನಾದ್ರೂ ಹೊಳೀತಾ?”

“ಇಲ್ಲ. ಏನೂ ಇಲ್ಲ.”

ಸತ್ಯಪ್ರಕಾಶ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ. ಈ ಗಳಿಗೆಯ ರುಚಿಯನ್ನು ಅವನು ಮರೆತೇಬಿಟ್ಟಿದ್ದ.

“ಸಾರ್, ಅಸಲಿ ಕಾರ್ಡಿನ ಹಿಂದೆ ತುಳಸಿ ಅರಿಶಿನ ಹಚ್ಚಿದ್ಲು. ಒರೆಸಿದ್ರೂ ದೀಪದಲ್ಲಿ ಹೊಳೆಯತ್ತೆ, ನಾನೇ ನೋಡಿದ್ದೀನಿ. ನೀವು ನೋಡಿದ್ದು ಅಸಲಿ ಆಗಿದ್ರೆ ಹಳದಿ ಮಚ್ಚೆ ಕಾಣ್ಬೇಕಿತ್ತು. ನಕಲಿ ಆಗಿದ್ರೆ ಇಡೀ ಕಾರ್ಡು ಬೆಳ್ಳಗೆ ಹೊಳೀಬೇಕಿತ್ತು. ಮಚ್ಚೆನೂ ಇಲ್ಲ, ಹೊಳಪೂ ಇಲ್ಲ ಅಂತೀರಿ. ಅಂಥ ಕಾರ್ಡು ಈ ಭೂಮಿ ಮೇಲೇ ಇಲ್ಲ.”

ತಿಮ್ಮಯ್ಯನ ಕೈ ತಾನಾಗಿ ಮೇಜಿನ ಮೇಲಿನ ಕೈಗವಸುಗಳನ್ನು ನೇರ್ಪಡಿಸತೊಡಗಿತು.

“ಅಸಲಿ ಎಲ್ಲಿ ಸಾರ್?”

“ನೀವು ನನ್ನನ್ನ ಕಳ್ಳ ಅಂತಿದ್ದೀರಿ.”

“ನಾನು ಕೇಳ್ತಾ ಇದ್ದೀನಿ.”

ತಿಮ್ಮಯ್ಯ ಧಡಾರನೆ ಎದ್ದು ಕಿಟಕಿಯ ಪರದೆಗಳನ್ನು ಎಳೆದರು. ಲೈಟು ಆರಿಸಿದರು. ನೇರಳೆ ದೀಪ ಹೊತ್ತಿಸಿ, ಒಂದೊಂದೇ ಆಲ್ಬಮ್ಮನ್ನು ಸತ್ಯಪ್ರಕಾಶನ ಮುಂದೆ ತೆರೆದು ಹಾಕತೊಡಗಿದರು. “ನೋಡಿ. ನೋಡ್ಕೊಳ್ಳಿ. ಎಲ್ಲಿದೆ ತೋರ್ಸಿ ನಿಮ್ಮ ಅರಿಶಿನ!” ಪುಟದ ಮೇಲೆ ಪುಟ ತಿರುಗಿತು. ಸತ್ತು ಎಷ್ಟೋ ವರ್ಷವಾದ ಆಟಗಾರರು ಬ್ಯಾಟು ಹೆಗಲಿಗೇರಿಸಿ ಮಂಕಾಗಿ ನಿಂತಿದ್ದರು. ಹಳದಿ ಎಲ್ಲೂ ಕಾಣಲಿಲ್ಲ.

ಕೊನೆಯ ಆಲ್ಬಮ್ಮು ಮುಚ್ಚಿದಾಗ ತಿಮ್ಮಯ್ಯ ಆ ಕತ್ತಲಲ್ಲೇ ಕುಳಿತುಬಿಟ್ಟರು. ವಾರಂಟಿಲ್ಲದ, ಬೆಲ್ಟಿಲ್ಲದ ಪೊಲೀಸಿನವನು ಎದುರಿಗೆ ಕುಳಿತ. ಅಸಲಿ ಈ ಮನೆಯಲ್ಲಿ ಇಲ್ಲ ಎಂದು ಅವನಿಗೆ ಖಚಿತವಾಗಿತ್ತು. ಇದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

“ನಾನು ದೀಪ ಹಚ್ಚಲೇ ಇಲ್ಲ,” ಎಂದರು ತಿಮ್ಮಯ್ಯ.

“ಏನಂದ್ರಿ?”

“ಪರೀಕ್ಷೆ ಮಾಡ್ಲಿಲ್ಲ. ಕವರು ಒಡೆದೆ, ಹಾಗೇ ಒಂದ್ಸಲ ಕಣ್ಣಾಡಿಸಿದೆ, ‘ಸರಿಯಾಗಿದೆ’ ಅಂದೆ. ಮಾರನೇ ದಿನ ಪ್ರೂಯಿಟ್‌ಗೆ ಕಳಿಸಿದೆ. ಅಸಲಿ ಅಂತ ಬೋರ್ಡಲ್ಲೂ ಬರೆದೆ. ಇಷ್ಟು ವರ್ಷದಲ್ಲಿ ಇದೊಂದೇ ಸಲ.”

“ಯಾಕೆ?”

“ಎದುರಿಗೇ ಕೂತಿದ್ರಲ್ಲ!” ತಿಮ್ಮಯ್ಯ ಅಳುವಂತೆ ಹೇಳಿದರು. “ಮನೆ ಹೆಣ್ಣುಮಗಳ ಹಾಗೆ ಕೂತು ಕಾಫಿ ಕುಡೀತಿದ್ರು. ನಮ್ಮೋರು, ನಮ್ಮೋರ ಕೈಲಿ ಕಳಿಸಿದ್ದು. ಅವರೆದುರಿಗೇ ದೀಪ ಹಿಡಿದು ಅಸಲಿಯೋ ನಕಲಿಯೋ ಅಂತ ನೋಡಿದ್ರೆ ಏನಂದ್ಕೊಳ್ತಾರೆ? ಪೋಸ್ಟಲ್ಲಿ ಬಂದಿದ್ರೆ ಸಾವಿರ ಸಲ ನೋಡ್ತಿದ್ದೆ ಇನ್ಸ್‌ಪೆಕ್ಟ್ರೇ. ಮುಖ ನೋಡ್ಕೊಂಡು ಹೇಗೆ ನೋಡೋದು?”

ಸತ್ಯಪ್ರಕಾಶನಿಗೆ ನಗು ಬರಬೇಕಾಗಿತ್ತು. ಎಂಥ ಜನ ನಾವು! ಉಪ್ಪಿನಕಾಯಿ ಜಾಡಿ, ಮದುವೆ ಕಾಗದ, ಅಜ್ಜಿಯ ಮೊಣಕಾಲಿನ ಎಣ್ಣೆ, ಯಾವುದನ್ನೂ ಅಂಚೆಗೆ ಹಾಕುವುದಿಲ್ಲ. ‘ಹೇಗೂ ಆ ಕಡೆ ಹೋಗ್ತಿದ್ದೀರಲ್ಲ, ಇದನ್ನೊಂದು ಕೊಟ್ಬಿಡಿ’ ಎಂದು ಯಾರ ಕೈಗಾದರೂ ತುರುಕುತ್ತೇವೆ. ತಂದವರನ್ನು ಅನುಮಾನಿಸುವುದು ಮಹಾಪಾಪ. ಬೋರ್ಡಿನ ಅಷ್ಟೂ ನಿಯಮಗಳನ್ನು ಒಂದು ಲೋಟ ಕಾಫಿ ಮುರಿದುಹಾಕಿತ್ತು.

ಅಂದರೆ ಚಂದ್ರಮೋಹನ ಅಂಚೆಗೆ ಹಾಕಿಯೇ ಇರಲಿಲ್ಲ. ಸುಳ್ಳು ಹೇಳಿದ್ದ.

“ಯಾರು ಸಾರ್ ತಂದುಕೊಟ್ಟಿದ್ದು?”

ತಿಮ್ಮಯ್ಯ ಎದ್ದು ಲೈಟು ಹಾಕಿದರು. ಅವರ ಮುಖದಲ್ಲಿ ಈಗ ಸಿಟ್ಟಿರಲಿಲ್ಲ. ಕನಿಕರವಿತ್ತು.

“ನಿಮಗೆ ಹೇಳಿಲ್ವಾ?”

“ಯಾರು?”

“ಡಾಲಸ್‌ನಲ್ಲಿ ರಾಜ್ಯೋತ್ಸವದ ಊಟ ಆಯ್ತಲ್ಲ, ಅಲ್ಲಿ ಚಂದ್ರಮೋಹನ ಕೊಟ್ಟಿದ್ನಂತೆ. ಮುಂದಿನ ವಾರ ಅವರು ಹೆಂಗಸರ ಜೊತೆ ದೇವಸ್ಥಾನಕ್ಕೆ ಇಲ್ಲಿಗೆ ಬರೋರಿದ್ರು. ಬಂದ್ರು. ಕೊಟ್ರು.” ತಿಮ್ಮಯ್ಯ ಕಣ್ಣು ತಗ್ಗಿಸಿದರು. “ನಿಮ್ಮ ಮನೆಯೋರೇ ಇನ್ಸ್‌ಪೆಕ್ಟ್ರೇ. ನಳಿನಿಯೋರು.”

ಒಂದು ವಾರ. ಆ ಲಕೋಟೆ ಒಂದು ವಾರ ಫ್ಲವರ್ ಮೌಂಡಿನ ತನ್ನದೇ ಮನೆಯಲ್ಲಿ ಇತ್ತು. ಅದೇ ಮನೆಯಲ್ಲಿ ಸತ್ಯಪ್ರಕಾಶ ಅಕ್ಕಿ ತೊಳೆಯುತ್ತಿದ್ದ. ಚಂದ್ರಮೋಹನ ಯಾಕೆ ಕಣ್ಣೆತ್ತಿ ನೋಡಲಿಲ್ಲ ಎಂದು ಈಗ ಅರ್ಥವಾಯಿತು. ಅಣ್ಣ ಎಂದು ಕರೆದವನ ಹೆಂಡತಿಯ ಹೆಸರು ಹೇಳಲಾರದೆ ಆ ಹುಚ್ಚ ತಾನೇ ಮುಳುಗಲು ಸಿದ್ಧನಾಗಿದ್ದ.

ಮರೆತಿರಬಹುದು ಎಂದುಕೊಂಡ. ಹತ್ತು ಜನ ಹತ್ತು ಸಾಮಾನು ಕೊಡುತ್ತಾರೆ, ಯಾವುದೆಂದು ನೆನಪಿಡುವುದು? ಆದರೆ ಈ ವಾರವೆಲ್ಲ ತಮ್ಮ ಮನೆಯಲ್ಲೂ ಚಂದ್ರನ ಮನೆಯಲ್ಲೂ ಅದೊಂದೇ ಮಾತು ನಡೆದಿತ್ತು. ದಾರಿಯುದ್ದಕ್ಕೂ ಅವಳ ಪಕ್ಕದಲ್ಲೇ ಕುಳಿತು, ಅಸಲಿಯನ್ನು ಹಿಡಿಯುವ ಏಕೈಕ ಗುರುತನ್ನು ಅವನೇ ಬಾಯಾರೆ ಒಪ್ಪಿಸಿದ್ದ.

“ನಾನು ಬೋರ್ಡಲ್ಲಿ ನಿಜ ಬರೀತೀನಿ,” ಎಂದರು ತಿಮ್ಮಯ್ಯ. “ಪರೀಕ್ಷೆ ಮಾಡದೆ ದಾಟಿಸಿದೆ ಅಂತ. ನನ್ನ ಮರ್ಯಾದೆ ಹೋಗತ್ತೆ, ಹೋಗ್ಲಿ. ಚಂದ್ರನ ಮೇಲಿನ ಅನುಮಾನ ಸಡಿಲ ಆಗತ್ತೆ, ಪ್ರೂಯಿಟ್ ದೂರು ನಿಲ್ಲಿಸ್ತಾನೆ. ಆದ್ರೆ ತಂದವರು ಯಾರು ಅಂತ ಮೊದಲು ಕೇಳೋನೂ ಅವನೇ. ಆ ಹೆಸರು ಬರೀದೆ ನಿಜ ಮುಗಿಯಲ್ಲ.” ಅವರು ಕಂಪ್ಯೂಟರ್ ಕಡೆ ತಿರುಗಿದರು. “ಬರೀಲಾ? ನೀವೇ ಹೇಳ್ಬೇಕು.”

ಬರೆಯಿರಿ ಎಂದರೆ ನಳಿನಿ. ಬೇಡ ಎಂದರೆ ಚಂದ್ರ, ತುಳಸಿ, ಆ ಮಗು. ಎಷ್ಟೋ ಜನರನ್ನು ಇಂಥ ಇಕ್ಕಟ್ಟಿನಲ್ಲಿ ಕೂರಿಸಿ ಚಹಾ ಕುಡಿದವನು ಸತ್ಯಪ್ರಕಾಶ. ಅವರಿಗೆಲ್ಲ ಹೀಗೆ ಆಗಿತ್ತೇನೋ ಎಂದು ಈಗ ಹೊಳೆಯಿತು.

ಹೊರಗೆ ಕಾರಿನ ಹಾರನ್ ಕೇಳಿಸಿತು.

“ಸ್ವಲ್ಪ ತಡೀರಿ ಸಾರ್,” ಎಂದಷ್ಟೇ ಹೇಳಿ ಅವನು ಎದ್ದ.

*

ನಳಿನಿ ಪುಳಿಯೋಗರೆಯ ಪೊಟ್ಟಣವನ್ನು ಅವನ ತೊಡೆಯ ಮೇಲಿಟ್ಟು ಕಾರು ಹೊರಡಿಸಿದಳು. “ಬಿಸಿ ಇದೆ, ತಿನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು.”

ಅವನು ಪೊಟ್ಟಣ ಹಿಡಿದುಕೊಂಡು ಕುಳಿತ. ಇಟ್ಟಿಗೆ ಮನೆಗಳ ಸಾಲು, ಒಂದೇ ಅಳತೆಯ ಹುಲ್ಲುಹಾಸುಗಳು ಹಿಂದೆ ಸರಿದವು.

“ಏನಂದ್ರು ತಿಮ್ಮಯ್ಯನೋರು?”

“ಪರೀಕ್ಷೆ ಮಾಡ್ಲೇ ಇಲ್ವಂತೆ.”

“ಅಯ್ಯೋ. ಹಂಗಾದ್ರೆ ತಪ್ಪು ಅವರದೇ ಆಯ್ತಲ್ಲ.”

ಬೇರೆಯವರಾಗಿದ್ದರೆ ಅವನಿಗೆ ನೂರು ದಾರಿ ಗೊತ್ತಿತ್ತು. ಸುತ್ತಿ ಬಳಸಿ ಬರುವುದು, ಗೊತ್ತಿದ್ದೂ ಗೊತ್ತಿಲ್ಲದಂತೆ ಕೇಳುವುದು, ಸುಮ್ಮನೆ ಕುಳಿತು ಅವರನ್ನೇ ಬೆವರಿಸುವುದು. ಹೆಂಡತಿಯ ಮೇಲೆ ಅದರಲ್ಲೊಂದನ್ನೂ ಬಳಸುವ ಧೈರ್ಯ ಬರಲಿಲ್ಲ. ಎಲ್ಲ ವಿದ್ಯೆಯನ್ನೂ ಬಿಟ್ಟು ಬಡಗಂಡನ ಹಾಗೆ ನೇರವಾಗಿ ಕೇಳಿದ.

“ನಳಿನಿ, ಚಂದ್ರ ಕೊಟ್ಟ ಆ ಕವರನ್ನ ತಿಮ್ಮಯ್ಯನೋರಿಗೆ ನೀನೇ ತಂದುಕೊಟ್ಯಾ?”

ಕಾರು ನಿಧಾನವಾಯಿತು. ಇಂಡಿಕೇಟರ್ ಟಿಕ್ ಟಿಕ್ ಎಂದಿತು. ನಳಿನಿ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇದ್ದವು.

‘ಹೌದು ರೀ, ಮರೆತೇಹೋಗಿತ್ತು’ ಎಂದುಬಿಡು ತಾಯಿ ಎಂದು ಸತ್ಯಪ್ರಕಾಶ ಮನಸ್ಸಿನಲ್ಲೇ ಬೇಡಿಕೊಂಡ. ಅಷ್ಟು ಅಂದರೆ ಸಾಕಿತ್ತು, ಅವನು ಕಣ್ಣು ಮುಚ್ಚಿ ನಂಬುತ್ತಿದ್ದ.

“ಯಾರು ಹೇಳಿದ್ದು?” ಎಂದಳು ನಳಿನಿ, ಎದುರಿನ ಗಾಜನ್ನೇ ನೋಡುತ್ತ. “ತಿಮ್ಮಯ್ಯನೋರಾ, ಚಂದ್ರನಾ?”

ತಪ್ಪಿಲ್ಲದವರು ಹೌದು ಎನ್ನುತ್ತಾರೆ, ಇಲ್ಲ ಎನ್ನುತ್ತಾರೆ, ಇಲ್ಲವೇ ಜಗಳಕ್ಕೆ ಬರುತ್ತಾರೆ. ಯಾರು ಹೇಳಿದ್ದು ಎಂದು ಮೊದಲು ಕೇಳಿದವರನ್ನು ಸತ್ಯಪ್ರಕಾಶ ತನ್ನ ಇಡೀ ಸರ್ವೀಸಿನಲ್ಲಿ ಒಮ್ಮೆಯೂ ಮನೆಗೆ ಕಳಿಸಿರಲಿಲ್ಲ.